ಚರಗ ಚೆಲ್ಲುವ ಕೈ

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ನಾನು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಬರುವವರು ಹೆಚ್ಚಾಗಿ ಡಿಗ್ರಿ ಮುಗಿಸಿ ಬೀಜದ ಕಂಪನಿಗಳಿಗೆ ಅರ್ಜಿ ಹಾಕುತ್ತ ಕೂತವರು. ಆವತ್ತು 'ಥ್ರೋ' ಅನ್ನುವ ಕ್ರಿಯಾಪದ ಹಿಡಿದಿದ್ದೆ. ಬೋರ್ಡಿನ ಮೇಲೆ ಜಾಗ ಸಾಲದಾಗಿತ್ತು. ಕಲ್ಲು ಎಸೆದರೂ ಥ್ರೋ, ಪಾರ್ಟಿ ಕೊಟ್ಟರೂ ಥ್ರೋ, ಒಂದು ವಿಷಯದ ಮೇಲೆ ಬೆಳಕು ಚೆಲ್ಲಿದರೂ ಥ್ರೋ. ಗೆಲ್ಲುವ ಮ್ಯಾಚನ್ನು ಬೇಕಂತಲೇ ಸೋತುಕೊಟ್ಟರೆ ಅದೂ ಥ್ರೋ, ಉಂಡದ್ದು ವಾಂತಿಯಾದರೆ ಅದೂ.

"ಮಿಸ್, ಒಂದ ಶಬ್ದಕ್ಕ ಇಷ್ಟು ದುಡಿಸಿದ್ರ ಅದಕ್ಕೂ ಸಾಕಾಕ್ಕೈತ್ರಿ," ಅಂದಳು ಕುಪ್ಪೇಲೂರಿನಿಂದ ಬರುವ ಒಬ್ಬಳು.

"ನಮ್ಮಲ್ಲಿ ಹಂಗಿಲ್ಲ ನೋಡ್ರಿ," ಅಂದೆ. "ಕಲ್ಲು ಒಗೀತೀವಿ. ರಾಶಿ ತೂರ್ತೀವಿ. ಬಲೆ ಬೀಸ್ತೀವಿ. ಚರಗ ಚೆಲ್ತೀವಿ. ಒಂದರ ಕೆಲಸ ಇನ್ನೊಂದು ಮಾಡೂದಿಲ್ಲ."

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ಇಂಥ ಮಾತು ಆಡಿಯೇ ನಾನು ಕಪ್ಪು ಗೆದ್ದದ್ದು. 'ನಮ್ಮ ಭಾಷೆಯ ಸಂಪತ್ತು' ಎಂದು ಮುಗಿಸಿದರೆ ಚಪ್ಪಾಳೆ ಗ್ಯಾರಂಟಿ. ಆದರೆ ಚಪ್ಪಾಳೆ ಬಿದ್ದ ಮಾತನ್ನೇ ಮೊದಲು ಅನುಮಾನಿಸಬೇಕು ಅನ್ನುವುದನ್ನೂ ಅಲ್ಲಿಯೇ ಕಲಿತೆ. ಹತ್ತು ಶಬ್ದ ಇದ್ದರೇನು, ಒಂದಿದ್ದರೇನು? ಎಲ್ಲದರ ತಳದಲ್ಲಿ ಇರುವುದು ಒಂದೇ ಸಂಗತಿ. ಕೈಯಲ್ಲಿದ್ದದ್ದು ಕೈಬಿಟ್ಟು ಹೋಗಬೇಕು, ಮತ್ತು ಹಾಗೆ ಹೋಗಲಿ ಎಂದು ಆ ಕೈಯವನಿಗೆ ಮನಸ್ಸಿರಬೇಕು. ಮನಸ್ಸಿಲ್ಲದೆ ಹೋದರೆ ಅದಕ್ಕೆ ಬಿತ್ತು ಅನ್ನುತ್ತೇವೆ, ಒಗೆದ ಅನ್ನುವುದಿಲ್ಲ. ಇದನ್ನು ಹುಡುಗರಿಗೆ ಹೇಳುತ್ತಿದ್ದಾಗಲೇ ಅವ್ವನ ಫೋನ್ ಬಂತು.

"ನಿಮ್ಮಪ್ಪ ಮುಂಜಾನಿ ಚಾದ ಕಪ್ಪು ಒಗದಾನವಾ," ಅಂದಳು. "ಈಗ ನೋಡಿದ್ರ ಏಳವಲ್ಲ. ಬಾಯಿ ಒಂದ ಕಡೆ ಹೋಗೇತಿ."

ಅಪ್ಪ ಒಗೆಯುವ ಮನುಷ್ಯ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ನನಗೆ ನೆನಪು ಮೂಡಿದಾಗಿನಿಂದ ಅವನು ಉಣ್ಣುವ ಗಂಗಾಳ ಒಗೆಯುತ್ತಲೇ ಬಂದಿದ್ದಾನೆ. ಸಾರಿಗೆ ಉಪ್ಪು ಹೆಚ್ಚಾದರೆ ಗಂಗಾಳ, ರೊಟ್ಟಿ ಬಿರುಸಾದರೆ ಗಂಗಾಳ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಅಂದುಕೊಂಡ ದರ ಸಿಗದೆ ಮನೆಗೆ ಬಂದ ದಿನ ಕೈಗೆ ಏನು ಸಿಕ್ಕಿತೋ ಅದು. ಮೈಮೇಲೆ ಕೈ ಮಾಡಿದವನಲ್ಲ. ಇದನ್ನೇ ದೊಡ್ಡ ಗುಣ ಎಂದು ಓಣಿಯ ಹೆಂಗಸರು ಅವ್ವನಿಗೆ ಹೇಳುತ್ತಿದ್ದರು. ಪಡಸಾಲೆಯ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಸಾರಿನ ಕಲೆ ಮೂಡಿಬರುತ್ತಿತ್ತು.

ಅವ್ವ ಅದಕ್ಕೊಂದು ರೂಢಿ ಮಾಡಿಕೊಂಡಿದ್ದಳು. ಅವನು ಒಗೆದ ಮೇಲೆ ಮಾತಾಡುವುದಿಲ್ಲ, ಮುಖ ನೋಡುವುದಿಲ್ಲ, ಒಗೆದದ್ದನ್ನು ಎತ್ತುವುದೂ ಇಲ್ಲ. ಒಳಗೆ ಹೋಗಿ ಕೂತುಬಿಡುವುದು. ಸಿಟ್ಟು ಇಳಿದ ಮೇಲೆ ಅವನೇ "ನೀರು ತಾ" ಅನ್ನುತ್ತಿದ್ದ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಬಂದದ್ದೇ ಇಲ್ಲ. ನಮ್ಮ ಮನೆಯಲ್ಲಿ ಆ ಜಾಗಕ್ಕೆ "ನೀರು ತಾ" ಇತ್ತು. ಅವ್ವ ತಂಬಿಗೆ ತುಂಬಿ ತಂದು ಇಟ್ಟರೆ ಜಗಳ ಮುಗಿಯಿತು.

ಆವತ್ತು ಮುಂಜಾನೆ ಇಬ್ಬರಿಗೂ ಯಾವುದೋ ಸಣ್ಣ ಮಾತಿಗೆ ಜಗಳ ಬಂದಿತ್ತು. ಸ್ವಲ್ಪ ಹೊತ್ತಿಗೆ ಅಪ್ಪನ ಕೈಯಲ್ಲಿದ್ದ ಕಪ್ಪು ಸದ್ದಾಗಿ ನೆಲಕ್ಕೆ ಬಿದ್ದು ಬಾಗಿಲವರೆಗೆ ಉರುಳಿತು. ಅವ್ವ ಎಂದಿನಂತೆ ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ರೊಟ್ಟಿ ಬಡಿದಳು, ಪಲ್ಯ ಮಾಡಿದಳು, "ನೀರು ತಾ" ಎಂಬ ಮಾತಿಗೆ ಕಿವಿಗೊಟ್ಟು ಕಾದಳು. ಪಡಸಾಲೆಯಿಂದ ಏನೋ ಗೊರಗೊರ ಸದ್ದು ಬರುತ್ತಿತ್ತಂತೆ. ಸಿಟ್ಟಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ ಅಂದುಕೊಂಡಳು. ಬಿಸಿಲು ನೆತ್ತಿಗೆ ಬಂದ ಮೇಲೆ ಹೊರಗೆ ಬಂದು ನೋಡಿದರೆ ಅವನು ಕೂತಲ್ಲಿಂದಲೇ ಬಲಕ್ಕೆ ವಾಲಿ ಬಿದ್ದಿದ್ದ.

ಹಾವೇರಿಯ ಆಸ್ಪತ್ರೆಗೆ ಕಾಕಾ ತನ್ನ ಟಾಟಾ ಏಸ್ ಗಾಡಿಯಲ್ಲಿ ಹಾಕಿಕೊಂಡು ಹೋದ. ಕಾಕಾ ಅಂದರೆ ಅಪ್ಪನ ತಮ್ಮ. ನಾನು ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ನೇರ ಅಲ್ಲಿಗೆ ಹೋದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಹಿಂಗಾಗಿ ಎಷ್ಟೊತ್ತಾತು?" ಅವ್ವ ನನ್ನ ಮುಖ ನೋಡಿದಳು. ನಾನು ಆಗತಾನೆ ಬಂದವಳು, ನನಗೇನು ಗೊತ್ತು? "ಮುಂಜಾನಿರಿ," ಅಂದಳು ಕೊನೆಗೆ. ಡಾಕ್ಟರು ಲಕ್ವಾ ಎಂದು ಚೀಟಿಯಲ್ಲಿ ಬರೆದು ಒಳಗೆ ಹೋದರು. ಬೇಗ ತಂದಿದ್ದರೆ ಕೊಡುವ ಇಂಜೆಕ್ಷನ್ ಒಂದಿತ್ತು ಎಂದು ನರ್ಸ್ ಹೊರಗೆ ಬಂದು ಹೇಳಿದಳು. ಅವ್ವ ಕೇಳದಂತೆ ಹೇಳಬೇಕು ಅನ್ನುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಒಂದೇ ವಿಷಯಕ್ಕೆ ಪರವಾಗಿಯೂ ವಿರೋಧವಾಗಿಯೂ ಮಾತಾಡಲು ನನ್ನನ್ನು ತಯಾರು ಮಾಡಿದ್ದಾರೆ. ಅವ್ವನ ವಿರುದ್ಧ ವಾದ ಸುಲಭ, ಒಂದು ಸಲ ಹೊರಳಿ ನೋಡಬೇಕಿತ್ತು. ಅವ್ವನ ಪರ ವಾದ ಅದಕ್ಕಿಂತ ಗಟ್ಟಿ. ದಿನವೂ ಒಗೆಯುವವನ ಕೈಯಿಂದ ಒಂದು ದಿನ ಕಪ್ಪು ತಾನಾಗಿ ಜಾರಿದರೆ, ಅದು ಬೇರೆ ಎಂದು ಯಾವ ಹೆಂಡತಿಗೆ ತಿಳಿಯಬೇಕು? ಆ ವ್ಯತ್ಯಾಸ ಅಳಿಸಿ ಹಾಕಿದವನು ಅವನೇ. ಇದನ್ನು ಅವ್ವನಿಗೆ ಹೇಳಿ ಸಮಾಧಾನ ಮಾಡಲು ನೋಡಿದೆ. "ನೀ ವಕೀಲಕಿ ಮಾಡಬ್ಯಾಡ," ಅಂದಳು. "ನಾ ಅಲ್ಲೇ ಇದ್ನೆಲ್ಲ."

ಅಪ್ಪ ಉಳಿದ. ಬಲಗಾಲು ಎಳೆದುಕೊಂಡು, ಹಿಡಿದವರ ಹೆಗಲ ಮೇಲೆ ಭಾರ ಹಾಕಿ ನಡೆಯುವಷ್ಟಾದ. ಮಾತು ಹೋಯಿತು. ಎಲ್ಲದಕ್ಕೂ "ಬಾ" ಎಂಬ ಒಂದೇ ಸದ್ದು. ಹಸಿವಾದರೂ ಬಾ, ಸಂಡಾಸಕ್ಕೆ ಹೋಗಬೇಕಾದರೂ ಬಾ. ಬಲಗೈ ಎದೆಗೆ ಅವುಚಿಕೊಂಡು ಮುಷ್ಟಿ ಕಟ್ಟಿತು.

ವಾರಕ್ಕೊಮ್ಮೆ ಹಾವೇರಿಗೆ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದೆವು. ಅಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ, ನನ್ನದೇ ವಯಸ್ಸಿನವಳು, ಅಪ್ಪನ ಮುಷ್ಟಿಯಲ್ಲಿ ಮೆತ್ತನೆಯ ಒಂದು ಚೆಂಡು ಇಟ್ಟು ಎದುರಿಗೆ ಪ್ಲಾಸ್ಟಿಕ್ ಬಕೆಟ್ ಇಡುತ್ತಿದ್ದಳು. "ಅಜ್ಜಾರ, ಒಗೀರಿ. ಇದರಾಗ ಒಗೀರಿ ನೋಡೂಣು."

ಅಪ್ಪನ ತೋಳು ನಡುಗುತ್ತ ಒಂದು ಗೇಣು ಏಳುತ್ತಿತ್ತು. ಹಣೆಯ ಮೇಲೆ ಬೆವರು. ಚೆಂಡು ಮುಷ್ಟಿಯಲ್ಲೇ.

"ಹಿಡಿಯೂದು ಬರ್ತೈತ್ರಿ ಇವರಿಗೆ," ಎಂದು ಆ ಹುಡುಗಿ ನನಗೆ ವಿವರಿಸಿದಳು. "ಬಿಡೂದು ಬರಂಗಿಲ್ಲ. ಬೆರಳು ಬಿಚ್ಚೂದು ಕಡೀಕೆ ಬರೂದು. ಕೆಲವರಿಗೆ ಬರೂದ ಇಲ್ಲ."

ಅವ್ವ ಬಗ್ಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೆಂಡು ತೆಗೆಯುತ್ತಿದ್ದಳು. ಮತ್ತೆ ಇಡುತ್ತಿದ್ದರು. ಮತ್ತೆ ಒಗೀರಿ. ಇಷ್ಟು ವರ್ಷ ಒಗೆಯಬೇಡ ಎಂದು ಹೇಳಿಸಿಕೊಂಡವನಿಗೆ ಈಗ ಎಲ್ಲರೂ ಸೇರಿ ಒಗೆ ಒಗೆ ಅನ್ನುವುದು ನೋಡಿ ನನಗೆ ಒಮ್ಮೆ ನಗು ಬಂತು. ಅವ್ವ ನಗಲಿಲ್ಲ.

ವಾಪಸು ಬರುವ ಬಸ್ಸು ಬ್ಯಾಡಗಿಯಲ್ಲಿ ನಿಲ್ಲುತ್ತಿತ್ತು. ಮೆಣಸಿನಕಾಯಿಯ ಘಾಟಿಗೆ ಹೊಸಬರು ಕೆಮ್ಮುತ್ತಾರೆ, ನಾವು ಸುತ್ತಲಿನ ಊರವರು ಸುಮ್ಮನೆ ಮೂಗು ಒರೆಸಿಕೊಳ್ಳುತ್ತೇವೆ. ಒಂದು ಸಲ ಅಲ್ಲಿ ಅಪ್ಪನಿಗೆ ಜೋರಾಗಿ ಸೀನು ಬಂತು. ಸೀನಿದ ರಭಸಕ್ಕೆ ಬಲಗೈ ತಾನಾಗಿ ಭುಜದವರೆಗೆ ಎದ್ದು ಕೆಳಗಿಳಿಯಿತು.

"ನೋಡ್ದೇನು? ಎದ್ದಿತು," ಎಂದು ಅವ್ವ ನನ್ನ ತೊಡೆ ಹಿಡಿದಳು.

ಅದು ಮನಸ್ಸಿನಿಂದ ಎದ್ದದ್ದಲ್ಲ, ಆಕಳಿಕೆಗೂ ಸೀನಿಗೂ ಹಾಗೆ ಏಳುತ್ತದೆ ಎಂದು ವ್ಯಾಯಾಮದ ಹುಡುಗಿ ಮುಂದಿನ ವಾರ ಹೇಳಿದಳು. ಅವ್ವ ಕೇಳಿಸಿಕೊಂಡಳು, ನಂಬಲಿಲ್ಲ. ಒಂದು ದಿನ ನಾನು ಮನೆಗೆ ಬಂದಾಗ ಅಪ್ಪನ ಕಣ್ಣು ಕೆಂಪಗಾಗಿ ಮೂಗು ಸುರಿಯುತ್ತಿತ್ತು. ಒಲೆಯ ಕೆಂಡದ ಮೇಲೆ ಮೆಣಸಿನ ಬೀಜ ಸುಟ್ಟ ವಾಸನೆ.

"ಏನ್ ಮಾಡಾಕತ್ತೀ ಅವ್ವಾ?"

"ಹುಣ್ಣಿವಿ ಬಂತಲ್ಲ," ಅಂದಳು.

ಶೀಗಿ ಹುಣ್ಣಿಮೆ. ಇಡೀ ವ್ಯವಹಾರ ಅಲ್ಲಿಗೆ ಬಂದು ನಿಂತಿತ್ತು. ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಪೂಜೆ ಮಾಡಿ, ತಂದ ಎಡೆಯ ಕಡುಬು, ಬುತ್ತಿ, ಪುಂಡಿಪಲ್ಯ ಎಲ್ಲ ಕಲಸಿದ ಚರಗವನ್ನು ಹೊಲದ ಸುತ್ತ ಚೆಲ್ಲುತ್ತಾರೆ. ಮುಂದೆ ಬುಟ್ಟಿ ಹಿಡಿದವನು "ಹುಲ್ಲುಲ್ಲಿಗೋ" ಎಂದು ಕೂಗಿ ಚೆಲ್ಲಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವನು "ಸಲಾಂಬ್ರಿಗೋ" ಎಂದು ಓಗೊಡಬೇಕು. ಅದರ ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅಂದರೆ ಯಾರಿಗೂ ಗೊತ್ತಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪನ ಜೊತೆ ವಾದಕ್ಕೆ ನಿಂತಿದ್ದೆ. ಇರುವೆ ತಿನ್ನುವ ಅನ್ನಕ್ಕೆ ಭೂಮಿತಾಯಿ ಉಂಡಳು ಅನ್ನುವುದೇಕೆ ಅಂತ. "ನೀ ಬಾಯಿ ಮುಚ್ಚಿ ಕಡುಬು ತಿನ್ನ," ಅಂದಿದ್ದ.

ಆದರೆ ನಮ್ಮ ಊರಲ್ಲಿ ಅದಕ್ಕೊಂದು ಲೆಕ್ಕವಿದೆ, ಅದು ದೇವರದಲ್ಲ. ಚರಗ ಚೆಲ್ಲುವವನು ಆ ಹೊಲದ ಯಜಮಾನ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿದ್ದರೂ, ಉಳುವವನು ಬೇರೆಯಾದರೂ, ಬುಟ್ಟಿ ಹಿಡಿಯುವುದು ಯಜಮಾನನೇ. ಸುತ್ತಲಿನ ಹೊಲದವರು ಅಂದು ಕತ್ತೆತ್ತಿ ನೋಡುತ್ತಾರೆ, ವರ್ಷಪೂರ್ತಿ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅಪ್ಪನಿಗೂ ಕಾಕಾನಿಗೂ ಆಸ್ತಿ ಪಾಲಾಗಿ, ವಾಟಣಿಯಾಗಿ ಬಹಳ ದಿನವಾಗಿತ್ತು. ಹಳ್ಳದ ದಂಡೆಯ ಹೊಲ ನಮ್ಮದು, ಪಕ್ಕದ್ದು ಅವನದು. ಅಪ್ಪ ಬಿದ್ದ ಮೇಲೆ ನಮ್ಮ ಹೊಲದಲ್ಲಿ ಎಡೆ ಹೊಡೆಸಿ ಕಳೆ ತೆಗೆಸಿದ್ದು, ಗೊಬ್ಬರ ಹಾಕಿಸಿದ್ದು ಎಲ್ಲ ಕಾಕಾನೇ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಆಸ್ಪತ್ರೆಯ ಹೊರಗೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅವನು ಅತ್ತದ್ದನ್ನು ನಾನು ನೋಡಿದ್ದೇನೆ.

ಹುಣ್ಣಿಮೆಗೆ ವಾರವಿರುವಾಗ ಅವನು ಬಂದು ಕಟ್ಟೆಯ ಮೇಲೆ ಕೂತ. "ವೈನಿ, ಅಣ್ಣನ್ನ ಬಿಸಲಾಗ ಎಲ್ಲಿ ಎಳಕೊಂಡ ಹೋಗ್ತೀರಿ? ನಾ ಎರಡೂ ಹೊಲಕ್ಕ ಚರಗ ಚೆಲ್ಲಿ ಬರ್ತೇನಿ ಬಿಡ್ರಿ."

"ಅವರ ಚೆಲ್ತಾರ," ಅಂದಳು ಅವ್ವ, ಒಳಗಿನಿಂದಲೇ.

"ಕೈ?"

"ಬರಾಕತ್ತೈತಿ."

ಕಾಕಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಅವನು ಹೋದ ಮೇಲೆ ಅವ್ವನ ಜೊತೆ ನನ್ನ ವಾದ ಶುರುವಾಯಿತು. "ಹೊಲದ ಉತಾರದಾಗ ಅಪ್ಪನ ಹೆಸರೈತಿ. ಕಾಗದ ಇರೂದು ಅದಕ್ಕ. ಯಾರರ ಒಂದ ಬುಟ್ಟಿ ಅನ್ನ ಚೆಲ್ಲಿದ್ರ ಹೊಲ ಅವರದಾಗೂದಿಲ್ಲ."

"ಆಗೂದಿಲ್ಲ," ಅಂದಳು. "ಆದ್ರ ಆಳು ಯಾರನ್ನ ಕೇಳತಾರ? ನೀರಿನ ಪಾಳಿ ಯಾರ ಹಂತೇಕ ಮಾತಾಡ್ತಾರ? ಉತಾರ ಕೊಳ್ಳಿಗೆ ಕಟಗೊಂಡ ಓಡಾಡ್ಲೇನು?"

"ಹಂಗಿದ್ರ ನಾ ಚೆಲ್ತೇನಿ."

"ನೀ ಇನ್ನೊಂದ ಮನಿಗೆ ಹೋಗಾಕಿ. ಹೋಗಾಕಿ ಬುಟ್ಟಿ ಹಿಡದ್ರ ನಾಳೆ ಹೊಲ ಅಳಿಯನ ಹಿಂದ ಹೊಕ್ಕೈತಿ ಅಂತಾರ. ಅದಕ್ಕ ಮದ್ಲ ನಿನ್ನ ಕಾಕಾನ ಅಡ್ಡ ಬರ್ತಾನ."

"ಮತ್ತ ನೀ?"

"ಗಂಡ ಕುಂತಿರಬೇಕಾದ್ರ ನಾ ಚೆಲ್ಲಿದ್ರ ಏನಂತ ತಿಳಕೊಂತಾರ ಮಂದಿ?"

ನನ್ನ ಬಳಿ ಉತ್ತರಗಳಿದ್ದವು. ನಾನು ಶಾಲೆಯಲ್ಲಿ ಥ್ರೋಬಾಲ್ ತಂಡದಲ್ಲಿದ್ದವಳು, ಜಿಲ್ಲೆಯ ಮಟ್ಟಕ್ಕೆ ಹೋಗಿ ಬಂದವಳು. ಇದೇ ಊರಿನ ಮಂದಿ ಶಾಲೆಯ ಬಯಲಲ್ಲಿ ನಿಂತು ನನ್ನ ಕೈ ಹೊಗಳಿದ್ದರು. ಹುಡುಗಿ ಬಲೆಯ ಆಚೆಗೆ ಚೆಂಡು ಎಸೆದರೆ ಸೀಟಿ ಹೊಡೆಯುವವರು ಹೊಲದ ಆಚೆಗೆ ಒಂದು ತುತ್ತು ಎಸೆದರೆ ಯಾಕೆ ಕೊಸರಬೇಕು? ಈ ವಾದಕ್ಕೆ ಎದುರಾಳಿ ಇರಲಿಲ್ಲ. ಎದುರಾಳಿ ಇಲ್ಲದ ವಾದದಿಂದ ಏನೂ ಸಿಗುವುದಿಲ್ಲ. ಅಪ್ಪ ಮಂಚದ ಮೇಲೆ ಕೂತು ಮುಷ್ಟಿಯಲ್ಲಿ ವ್ಯಾಯಾಮದ ಹುಡುಗಿ ಮನೆಗೆ ಕೊಟ್ಟಿದ್ದ ಮೆತ್ತನೆಯ ಚೆಂಡು ಹಿಡಿದುಕೊಂಡು ಎಲ್ಲ ಕೇಳುತ್ತಿದ್ದ. ಆ ವಾರವೆಲ್ಲ ಅವನು ಚೆಂಡು ಕೆಳಗಿಡಲಿಲ್ಲ. ಬಚ್ಚಲಿನಿಂದ ತಂದಿಟ್ಟ ಬಕೆಟ್ಟನ್ನು ಎಡಗಾಲಿನಿಂದ ತಾನೇ ಹತ್ತಿರ ಎಳೆದುಕೊಳ್ಳುತ್ತಿದ್ದ. ಒಮ್ಮೆಯಾದರೂ ಚೆಂಡು ಅದರೊಳಗೆ ಬಿದ್ದ ಸದ್ದು ನಾನು ಕೇಳಲಿಲ್ಲ.

ಹುಣ್ಣಿಮೆಯ ದಿನ ಕಾಕಾನ ಗಾಡಿಯಲ್ಲೇ ಹೋದೆವು. ಹಿಂದೆ ಕಾಕಾನ ಹೆಂಡತಿ ಕಾಕಿ, ಅವಳ ಮಗ, ಅಡುಗೆಯ ಬುಟ್ಟಿಗಳು. ಅಪ್ಪನಿಗೆ ಅವ್ವ ಹೊಸ ಧೋತರ ಉಡಿಸಿ, ತಲೆಗೆ ರುಮಾಲು ಸುತ್ತಿದ್ದಳು. ಹೊಲದಲ್ಲಿ ಹತ್ತಿ ಒಡೆಯಲು ಬಂದಿತ್ತು, ಸಾಲುಗಳ ನಡುವೆ ಮೆಣಸಿನ ಗಿಡ ಹೂ ಬಿಟ್ಟಿತ್ತು. ಸುತ್ತಲಿನ ಹೊಲಗಳಿಂದ ಕೂಗು ಆಗಲೇ ಕೇಳಿಬರುತ್ತಿತ್ತು.

ಬನ್ನಿ ಗಿಡದ ಬುಡದಲ್ಲಿ ಪೂಜೆಯಾಯಿತು. ಅವ್ವ ಚರಗದ ಬುಟ್ಟಿಯನ್ನು ತನ್ನ ಸೊಂಟಕ್ಕೆ ಒತ್ತಿಕೊಂಡು ಅಪ್ಪನ ಬಲಕ್ಕೆ ನಿಂತಳು. ನಾನು ಎಡದ ರಟ್ಟೆ ಹಿಡಿದಿದ್ದೆ. ಕಾಕಾ ತಂಬಿಗೆ ಹಿಡಿದು ಹಿಂದೆ. ಒಂದು ಹಿಡಿ ಚರಗವನ್ನು ಅವ್ವ ಅಪ್ಪನ ಮುಷ್ಟಿಗೆ ಇಟ್ಟಳು. ತೋಳು ಏಳತೊಡಗಿತು. ವ್ಯಾಯಾಮದ ಕೋಣೆಯಲ್ಲಿ ಎದ್ದದ್ದಕ್ಕಿಂತ ಮೇಲೆ ಎದ್ದಿತು. ಅದು ಸುಳ್ಳಲ್ಲ, ನಾನು ನೋಡಿದೆ. ಎದೆ, ಆಮೇಲೆ ಗದ್ದ. ಬಾಯಿ ತೆರೆದು ಕೂಗಲು ನೋಡಿದ. "ಬಾ," ಎಂದಿತು ಬಾಯಿ. "ಬಾ. ಬಾ."

ಹಿಂದಿನಿಂದ ಓಗೊಡಬೇಕಾದವನು ಓಗೊಡಲಿಲ್ಲ. ಕಾಕಾನ ತಪ್ಪು ಅನ್ನಲಾರೆ. ಯಾವ ಮಾತಿಗೆ ಓಗೊಡಬೇಕು ಎಂದು ಅವನಿಗೂ ತಿಳಿಯಲಿಲ್ಲ. ಪಕ್ಕದ ಹೊಲದವರು ಉಣ್ಣುವುದು ನಿಲ್ಲಿಸಿ ಎದ್ದು ನಿಂತಿದ್ದರು. ಅಪ್ಪನ ಮುಷ್ಟಿ ಬಿಗಿಯುತ್ತ ಹೋಯಿತು, ಕಡುಬಿನ ಹೂರಣ ಬೆರಳ ಸಂದಿಯಿಂದ ಹಿಸುಕಿ ಹೊರಬಂದು ಮಣಿಕಟ್ಟಿನ ಮೇಲೆ ಇಳಿಯಿತು. ಮುಷ್ಟಿ ಮಾತ್ರ ತೆರೆಯಲಿಲ್ಲ. ಅವ್ವ ಮೆಲ್ಲಗೆ ಬೆರಳು ಬಿಡಿಸಲು ಹೋದಳು. ಉಳಿದ ಮುದ್ದೆ ಅವನ ಕಾಲ ಮೇಲೆಯೇ ಬಿತ್ತು.

"ಅಪ್ಪಾ, ಇಲ್ಲಿ ಕೊಡ," ಎಂದು ನಾನು ಬುಟ್ಟಿಗೆ ಕೈ ಹಾಕಿದೆ. "ನಾ ಚೆಲ್ತೇನಿ. ನೀ ಮುಂದ ನಡಿ, ನಾ ನಿನ್ನ ಹೆಸರಿಲೆ ಚೆಲ್ತೇನಿ."

ಅಪ್ಪ ತಲೆ ಅಲ್ಲಾಡಿಸಿದ. ಇಲ್ಲ ಅನ್ನುವುದು ಅವನಿಗೆ ಈಗಲೂ ಬರುತ್ತಿತ್ತು. ಎಡಗೈಯಿಂದ, ಆ ಕೈಗೆ ಏನೂ ಆಗಿರಲಿಲ್ಲ, ಬುಟ್ಟಿಯನ್ನು ಅವ್ವನ ಸೊಂಟದಿಂದ ಎಳೆದು ಹಿಂದಕ್ಕೆ, ತಮ್ಮನ ಕಡೆಗೆ ನೂಕಿದ. "ಬಾ," ಅಂದ. ಈ ಸಲ ಅದರ ಅರ್ಥ ಎಲ್ಲರಿಗೂ ಆಯಿತು.

ಕಾಕಾ ತಂಬಿಗೆಯನ್ನು ಮಗನ ಕೈಗೆ ಕೊಟ್ಟು ಬುಟ್ಟಿ ತಗೊಂಡ. "ಕುಂದರಸ್ರಿ ವೈನಿ ಅವನ್ನ, ಬಿಸಲೈತಿ," ಅಂದು ನಡೆದ. ಅವನ ಕೂಗು ದೊಡ್ಡದು. ಅವನ ಮಗ ಹಿಂದಿನಿಂದ ಓಗೊಟ್ಟ. ಪಕ್ಕದ ಹೊಲದವರು ಕೂತು ಮತ್ತೆ ಉಣ್ಣತೊಡಗಿದರು. ಹೊಲದ ಸುತ್ತು ಮುಗಿಯುವವರೆಗೆ ಅವ್ವ ಅಪ್ಪನ ಕೈಯಿಂದ ಹೂರಣ ಒರೆಸುತ್ತಿದ್ದಳು.

ಯಾರೊಡನೆ ವಾದ ಮಾಡಲಿ? ಕಾಕಾ ಕಸಿದುಕೊಳ್ಳಲಿಲ್ಲ. ಕೊಟ್ಟವನಿಗೆ ಮಾತಿಲ್ಲ. ನನಗೆ ಕೊಡಲಾಗದು ಎಂದು ಅವನು ಅಂದುಕೊಂಡದ್ದು ಯಾಕೆ ಎಂದು ಕೇಳಿದರೆ ಬರುವ ಉತ್ತರ "ಬಾ". ಮನೆಗೆ ಬಂದು ನಾನು ಅವನೆದುರು ಕೂತು ಕೇಳಿಯೂ ಕೇಳಿದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ.

ಹತ್ತಿ ಬಿಡಿಸುವ ದಿನ ಬಂತು. ಪ್ರತಿ ವರ್ಷ ಆಳಿನ ಗುಂಪಿನ ಹಿರಿಯಾಕಿ ನಮ್ಮ ಕಟ್ಟೆಗೆ ಬಂದು ಎಲೆಅಡಿಕೆ ಹಾಕಿಕೊಂಡು, "ಯಾವಾಗ ಬರೂಣ್ರಿ ಗೌಡಶೇನಿ?" ಎಂದು ಅವ್ವನನ್ನು ಕೇಳಿ ಹೋಗುತ್ತಿದ್ದಳು. ಈ ವರ್ಷ ಅವಳು ನಮ್ಮ ಮನೆಯ ಮುಂದಿನಿಂದಲೇ ನಡೆದು ಕಾಕಾನ ಬಾಗಿಲಿಗೆ ಹೋದಳು. ಅವ್ವ ಕಸ ಗುಡಿಸುತ್ತ ನೋಡಿದಳು. ನಾನು ಅವಳ ಹಿಂದೆ ಹೋಗಿ ಅಡ್ಡಗಟ್ಟಿ ಕೇಳಿದೆ, ಹಳ್ಳದ ದಂಡೆಯ ಹೊಲ ಯಾರದು ಅಂತ.

"ನಿಮ್ಮದರಿ ಯವ್ವಾ, ಯಾರ ಇಲ್ಲಂತಾರ?" ಅಂದಳು. "ಕೇಳೂದು ಅವರನ್ನ ಅಲ್ಲೇನ್ರಿ ಈಗ?"

ಅದರಲ್ಲಿ ಕುಹಕ ಇರಲಿಲ್ಲ. ನಾನು ಕಾಕಾನನ್ನೂ ಕೇಳಿದೆ. ಅವನು ಬೇಜಾರಾಗಿ, "ಬಂದದ್ದು ನಿಮಗ ಮುಟ್ಟಸ್ತೇನಲ್ಲವಾ? ನಂಬಿಕಿ ಇಲ್ಲೇನು?" ಅಂದ. ನಂಬಿಕೆಯ ಪ್ರಶ್ನೆಯಲ್ಲ ಅಂದೆ. ಮತ್ತೇನು ಪ್ರಶ್ನೆ ಅಂದ. ಅದನ್ನು ಹೇಳಲು ಹೊರಟರೆ, ನಾನೇ ಅರ್ಥವಿಲ್ಲದ್ದು ಎಂದು ವರ್ಷಗಟ್ಟಲೆ ವಾದಿಸಿದ ಚರಗದ ಪರ ಮಾತಾಡಬೇಕಿತ್ತು. ಅದನ್ನೂ ಮಾತಾಡಿದೆ. ಆ ವಾದವೂ ನನಗೆ ಬರುತ್ತದೆ. ಕಾಕಾ ಪೂರ್ತಿ ಕೇಳಿಸಿಕೊಂಡು, "ಅಣ್ಣನ ಕೊಟ್ಟಾನವಾ," ಅಂದ. ಅಲ್ಲಿಗೆ ಮುಗಿಯಿತು.

ಮರುದಿನ ಮುಂಜಾನೆ ಅವ್ವ ಹಳೆಯ ಸೀರೆಯೊಂದನ್ನು ನಡುವಿಗೆ ಉಡಿ ಮಾಡಿ ಕಟ್ಟಿಕೊಂಡು, ಅಪ್ಪನಿಗೆ ಉಣ್ಣಿಸಿ, ಆಳುಗಳ ಜೊತೆ ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಹೋದಳು. ಯಾಕೆ ಅಂದರೆ, "ಹೊಲದಾಗ ಕಾಣಬೇಕಲ್ಲ," ಅಂದಳು. ಕ್ಲಾಸಿಗೆ ರಜೆ ಹೇಳಿ ನಾನೂ ಹೋದೆ. ಹಿರಿಯಾಕಿ ಅವ್ವನಿಗೆ ಕೊನೆಯ ಸಾಲು ಕೊಟ್ಟಳು. ಬಿಸಿಲೇರಿದ ಮೇಲೆ ಕಾಕಾ ಕ್ಯಾನಿನಲ್ಲಿ ಚಹಾ ತಂದ. ಆಳುಗಳು ಸಾಲಾಗಿ ಬದುವಿನ ಮೇಲೆ ಕೂತರು, ಅವ್ವನೂ ಅವರ ತುದಿಗೆ ಕೂತಳು. ಕಾಕಾ ಒಬ್ಬೊಬ್ಬರಿಗೂ ಕಾಗದದ ಕಪ್ಪಿನಲ್ಲಿ ಕೊಡುತ್ತ ಬಂದು, ಅವ್ವನ ಎದುರು ಒಂದು ಗಳಿಗೆ ತಡೆದು, "ವೈನಿ, ನೀವ್ಯಾಕ ಬಂದ್ರಿ?" ಅಂದ.

ಅವ್ವ ಕೈ ಚಾಚಿ ಕಪ್ಪು ತಗೊಂಡು ಕುಡಿದಳು. ಕುಡಿದು ತನ್ನ ಸಾಲಿಗೆ ಹೋದಳು.